ಉಸಿರು ತಡೆದದ್ದೆಲ್ಲಿ

ಕಾವೇರಿಯ ದಂಡೆಯಲ್ಲಿ, ಹಳೆಯ ಸೇತುವೆಯ ಪಕ್ಕ, ಚೌರಪ್ಪ ಮೇಷ್ಟ್ರ ಚಿಕ್ಕ ಮನೆ. ಚರ್ಚಿನ ಬ್ಯಾಂಡಿಗೆ ಒಂದು ಕಾಲದಲ್ಲಿ ಅವರೇ ಗುರು. ಈಗ ಬ್ಯಾಂಡಿಲ್ಲ. ಆದರೂ ಊದುವುದರಲ್ಲಿ ಏನೇ ತೊಡಕು ಬಂದರೂ ಜನ ಅವರ ಹತ್ತಿರವೇ ಬರುತ್ತಿದ್ದರು.

ಒಂದು ಬೆಳಿಗ್ಗೆ ಸಹಾಯಮೇರಿ ಬಂದಳು. ಅವರಿಂದಲೇ ಕಲಿತವಳು. ಕೈಯಲ್ಲಿ ದೊಡ್ಡ ಕಪ್ಪು ಪೆಟ್ಟಿಗೆ, ಮುಖದಲ್ಲಿ ಕಳೆಯಿಲ್ಲ.

“ಏನಮ್ಮ ಅದು?”

“ಯೂಫೋನಿಯಂ, ಮೇಷ್ಟ್ರೇ. ಹೊಸದು. ಚೀನಾದಿಂದ ಬಂದದ್ದು.”

ಮೇಷ್ಟ್ರ ಕಣ್ಣರಳಿತು. ಬ್ಯಾಂಡಿನಲ್ಲಿ ಅವಳು ನುಡಿಸುತ್ತಿದ್ದದ್ದು ಅದನ್ನೇ. ಮಡಿಲಲ್ಲಿ ಮಗುವಿನ ಹಾಗೆ ಕೂರುವ ಹಿತ್ತಾಳೆಯ ವಾದ್ಯ. ಕಹಳೆಯಂತೆ ಕೂಗುವುದಿಲ್ಲ, ತುಂಬಿದ ಎದೆಯ ಗಂಡಸು ತನ್ನಷ್ಟಕ್ಕೆ ಹಾಡಿಕೊಂಡಂತೆ ನುಡಿಯುತ್ತದೆ.

“ಭೇಷ್! ಊದು ನೋಡೋಣ.”

“ಇದನ್ನ ಯಾರಿಗಾದರೂ ಕೊಟ್ಟುಬಿಡಿ ಅಂತ ಹೇಳೋಕೆ ಬಂದೆ.”

ಮೇಷ್ಟ್ರು ಅವಳಿಗೆ ಕೂರಲು ಮಣೆ ಸರಿಸಿದರು.

ಕಳೆದ ಮಳೆಗಾಲ ಅವಳಿಗೆ ನ್ಯುಮೋನಿಯಾ ಆಗಿತ್ತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಮಾಸ್ಕ್ ಹಾಕಿಕೊಂಡು ಮಲಗಿದ್ದಾಗ ಅವಳು ಒಂದೇ ಹರಕೆ ಹೊತ್ತಿದ್ದಳು: ಎದ್ದರೆ ಮತ್ತೆ ಊದುತ್ತೇನೆ. ಎದ್ದಳು. ಶ್ವಾಸಕೋಶ ಪೂರ್ತಿ ಗುಣವಾಗಿದೆ ಎಂದು ಡಾಕ್ಟರೂ ಹೇಳಿದರು. ಅವಳಿಗೇ ನಂಬಿಕೆ ಬರಲಿಲ್ಲ.

“ಎಷ್ಟು ದಿನದ ಉಸಿರೋ ಏನೋ, ದುಬಾರಿ ವಾದ್ಯ ಯಾಕೆ ಅಂತ ಅಗ್ಗದ್ದೇ ತಂದೆ,” ಎಂದಳು. “ಅಂಗಡಿಯವರು ನನ್ನೆದುರೇ ಊದಿ ತೋರಿಸಿದರು. ಎಷ್ಟು ಚೆನ್ನಾಗಿತ್ತು ದನಿ! ನೀವೂ ಊದಿ ನೋಡಿ ಅಂದರು. ಭಯವಾಯಿತು, ಬೇಡ ಅಂದೆ. ಮನೆಗೆ ತಂದು ಊದಿದರೆ ಒಂದು ಸ್ವರವಾದರೂ ಬೇಡವಾ? ಗೋಡೆಗೆ ಬಾಯಿಟ್ಟು ಊದಿದ ಹಾಗೆ. ಕಣ್ಣಿಗೆ ಕತ್ತಲೆ ಬಂತು. ವಾದ್ಯ ಸರಿಯಾಗಿದೆ, ಮೇಷ್ಟ್ರೇ. ನನ್ನ ಎದೇಲಿ ಉಸಿರಿಲ್ಲ.”

“ಕಾಫಿ ಕುಡಿದೆಯಾ?”

“ಇಲ್ಲ.”

“ನಾನೂ ಕುಡಿದಿಲ್ಲ. ಒಲೆ ಆರಿಹೋಗಿದೆ ನೋಡು.”

ಅಂಗಳದಲ್ಲಿ ಮೂರು ಕಲ್ಲಿನ ಒಲೆ. ಮೇಲೆ ನೀರಿನ ಪಾತ್ರೆ, ಕೆಳಗೆ ಬರೀ ಬೂದಿ. ಮೇಷ್ಟ್ರು ಒಣಗಿದ ತೆಂಗಿನ ಗರಿ ಮುರಿದು ಒಳಗೆ ತುರುಕಿ, ಊದುಗೊಳವೆಯನ್ನು ಅವಳ ಕೈಗಿಟ್ಟರು.

“ಮೇಷ್ಟ್ರೇ, ನನ್ನ ಎದೆ...”

“ಕಾಫಿಗೆ ಎದೆ ಬೇಡ. ಬೆಂಕಿ ಬೇಕು.”

ಗುರು ಹೇಳಿದ ಮೇಲೆ ಆಗೋದಿಲ್ಲ ಎನ್ನುವುದು ಹೇಗೆ? ಸಹಾಯಮೇರಿ ಕುಕ್ಕರುಗಾಲಲ್ಲಿ ಕೂತು ಊದಿದಳು. ಬೂದಿ ಹಾರಿತು. ಅಡಿಯಲ್ಲಿ ಕಡಲೆಕಾಳಿನಷ್ಟು ಕೆಂಡ ಕಂಡಿತು.

“ಇನ್ನೂ ಒಂದು ಸಲ.”

ಕೆಂಡ ಕೆಂಪಾಯಿತು. ಗರಿಯ ತುದಿ ಮುದುರಿತು. ಅವಳು ತನ್ನನ್ನೇ ಮರೆತು ಉದ್ದಕ್ಕೆ ಊದಿದಳು. ಭಗ್ಗನೆ ಹತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಪಾತ್ರೆಯ ನೀರು ಗುಯ್‌ಗುಡತೊಡಗಿತು.

ಮೇಷ್ಟ್ರು ಉರಿಯನ್ನು ತೋರಿಸಿದರು. “ಇದನ್ನ ಎಬ್ಬಿಸಿದ್ದು ಯಾರು?”

“ನಾನು.”

“ಯಾವುದರಿಂದ?”

ಸಹಾಯಮೇರಿ ಕೊಳವೆಯನ್ನೊಮ್ಮೆ, ಉರಿಯನ್ನೊಮ್ಮೆ ನೋಡಿದಳು. ಆಮೇಲೆ ನಿಧಾನವಾಗಿ ಪೆಟ್ಟಿಗೆಯ ಕಡೆ ತಿರುಗಿದಳು.

“ಹಾಗಾದರೆ ಅದರಲ್ಲಿ ಯಾಕೆ ಬರಲಿಲ್ಲ?”

“ಮನೆಗೆ ತಂದವಳು ಮೊದಲು ಏನು ಮಾಡಿದೆ?”

“ಏನಿಲ್ಲ. ಹಡಗಿನಲ್ಲಿ ಬಂದದ್ದು, ಹತ್ತು ಕೈ ದಾಟಿದ್ದು ಅಂತ ಬಿಚ್ಚಿ ತೊಳೆದೆ. ಒರೆಸಿ, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿದೆ.”

“ಬ್ಯಾಂಡಿನ ವಾದ್ಯವನ್ನ ಯಾವತ್ತಾದರೂ ಬಿಚ್ಚಿದ್ದೆಯಾ?”

“ನೀವು ಎಲ್ಲಿ ಬಿಡುತ್ತಿದ್ದಿರಿ? ಎಣ್ಣೆ ಬಿಡೋದೂ ನೀವೇ, ಒರೆಸೋದೂ ನೀವೇ.”

“ಹೌದಲ್ಲ,” ಎಂದು ಮೇಷ್ಟ್ರು ಗಡ್ಡ ಕೆರೆದುಕೊಂಡರು.

ಪೆಟ್ಟಿಗೆ ತೆರೆದರು. ಬೆರಳಿನಿಂದ ಒತ್ತುವ ಮೂರು ವಾಲ್ವುಗಳನ್ನು ಒಂದೊಂದಾಗಿ ಹೊರಗೆಳೆದು ಅವಳ ಸೆರಗಿನ ಮೇಲೆ ಸಾಲಾಗಿ ಇಟ್ಟರು. ಒಂದೊಂದರ ಮೈಮೇಲೂ ಸಣ್ಣದಾಗಿ ಅಂಕಿ ಕೊರೆದಿತ್ತು. ಒಂದನೆಯದರ ಮನೆಯಲ್ಲಿ ಮೂರನೆಯದು ಕೂತಿತ್ತು, ಮೂರನೆಯದರ ಮನೆಯಲ್ಲಿ ಒಂದನೆಯದು. ವಾಲ್ವಿನ ತೂತು ವಾದ್ಯದ ತೂತಿಗೆ ಕೂಡದೆ, ಒಳಗೆ ಗಾಳಿಗೆ ದಾರಿಯೇ ಇರಲಿಲ್ಲ.

“ನೀನೇ ಹಾಕು.”

ಅಂಕಿ ನೋಡಿಕೊಂಡು ಅವಳು ಮೂರನ್ನೂ ಅದರದರ ಮನೆಗೆ ಸೇರಿಸಿದಳು. ವಾದ್ಯವನ್ನು ಮಡಿಲಿಗೆಳೆದುಕೊಂಡು, ಕಣ್ಣು ಮುಚ್ಚಿ, ತುಟಿ ಬಿಗಿದು ಊದಿದಳು.

ಬಂತು. ಮೊದಲು ಕೊಂಚ ಒರಟಾಗಿ, ಆಮೇಲೆ ದುಂಡಗೆ, ತುಂಬಿಕೊಂಡು, ಒಂದೇ ಸ್ವರ. ಹೊಳೆಯ ಮೇಲೆ ಹಾಸಿಕೊಂಡು ಆಚೆ ದಡದವರೆಗೂ ಹೋಯಿತು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಸೊಂಟ ನೆಟ್ಟಗೆ ಮಾಡಿ ಇತ್ತ ನೋಡಿದಳು.

ಸ್ವರ ನಿಂತದ್ದು ಉಸಿರು ಸಾಲದೆ ಅಲ್ಲ. ಅವಳಿಗೆ ಅಳು ಬಂದಿತ್ತು. ಅಳು ಮುಗಿಯುವ ಮೊದಲೇ ನಗು ಬಂತು. ಕೆಮ್ಮು ಬಂದೀತೆಂದು ಹೆದರಿ ಮಳೆಗಾಲದಿಂದ ಈಚೆಗೆ ಅವಳು ಬಾಯಿ ತುಂಬ ನಕ್ಕೇ ಇರಲಿಲ್ಲ. ಈಗ ನಕ್ಕಳು. ಕೆಮ್ಮು ಬರಲಿಲ್ಲ. ಅದನ್ನು ನೆನೆದು ಇನ್ನಷ್ಟು ನಕ್ಕಳು.

ಮತ್ತೆ ವಾದ್ಯಕ್ಕೆ ಬಾಯಿಟ್ಟಳು. ತುಟಿ ಕೂಡಲಿಲ್ಲ, ಬುಸ್ಸೆಂದು ಗಾಳಿ ಹೋಯಿತು. ಇನ್ನೊಮ್ಮೆ ಇಟ್ಟಳು. ಅದೇ ಪಾಡು.

“ಮೇಷ್ಟ್ರೇ, ಊದೋಕೇ ಆಗ್ತಿಲ್ಲ. ನಗು ಬಿಡ್ತಾನೇ ಇಲ್ಲ.”

ಮೇಷ್ಟ್ರು ಕಾಫಿ ಸೋಸುತ್ತಾ, ತಲೆಯೆತ್ತದೆ ಹೇಳಿದರು:

“ನಕ್ಕು ಮುಗಿಸಮ್ಮ. ಅದಕ್ಕೂ ಬೇಕಾಗಿರೋದು ಅದೇ ಉಸಿರು.”