ಗುಲಾಬಿಗೆ ನಡುಮಧ್ಯಾಹ್ನದ ನೀರು

ರಾಯಚೂರಿನ ಕಡು ಬೇಸಿಗೆ. ಎಂಜಿನಿಯರ್ ಸಾಹೇಬರ ಬಂಗಲೆಯಲ್ಲಿ, ತೀರಿಹೋದ ಅವರ ಹೆಂಡತಿ ನೆಟ್ಟ ಹನ್ನೆರಡು ಗುಲಾಬಿ ಗಿಡಗಳಿದ್ದವು. ಸಾಹೇಬರಿಗೆ ಮಾಲಿ ಹುಸೇನಪ್ಪನ ಮೇಲೆ ನಂಬಿಕೆಯಿಲ್ಲ. ಮಧ್ಯಾಹ್ನ ತಾವು ಊಟಕ್ಕೆ ಬಂದಾಗ, ತಮ್ಮ ಕಣ್ಣೆದುರೇ ನೀರು ಹಾಕಬೇಕೆಂದು ಹುಕುಂ ಮಾಡಿದರು.

"ಈ ಬಿಸಿಲಾಗ ಬ್ಯಾಡ್ರೀ, ಬೇರು ಬೇಯ್ತಾವ" ಎಂದ ಮಾಲಿ.

"ನನಗೇ ಕಲಿಸ್ತೀಯಾ? ಹೇಳಿದಷ್ಟು ಮಾಡು!"

ವಾರದಲ್ಲಿ ಐದು ಗಿಡ ಒಣಗಿದವು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಸಾಹೇಬರು ಗದರಿದರು.

"ಆಗಲ್ರೀ. ಆದ್ರ ಗಿಡಕ್ಕ ದೃಷ್ಟಿ ಆಗ್ಯಾದ. ಮನಿ ಯಜಮಾನ್ರು ಬರಿಗಾಲಿಲೆ ನಿಂತು ಒಂದು ಕೊಡ ನೀರು ಹಾಕಿದ್ರ ಉಳಿದವು ಬದುಕ್ತಾವ."

ಸಾಹೇಬರು ಆ ನಡುಮಧ್ಯಾಹ್ನದ ಬಿಸಿಲಲ್ಲೇ ಬೂಟು ಬಿಚ್ಚಿ ಪಾತಿಗಿಳಿದರು. ಕೊಡ ಬಗ್ಗಿಸುವಷ್ಟರಲ್ಲೇ "ಅಯ್ಯಯ್ಯೋ!" ಎಂದು ಕುಣಿಯುತ್ತಾ ವರಾಂಡಕ್ಕೆ ಓಡಿದರು. ಅಂಗಾಲು ಕೆಂಪಗಾಗಿತ್ತು.

"ನೀವು ಓಡಿ ಬಂದ್ರಿ, ಸಾಹೇಬ್ರ" ಎಂದ ಹುಸೇನಪ್ಪ ಮೆಲ್ಲಗೆ. "ಅವು ಎಲ್ಲಿಗೆ ಓಡ್ಬೇಕ್ರಿ?"

ಮರುದಿನ ಮುಂಜಾನೆ ಹುಸೇನಪ್ಪನನ್ನು ಸಾಹೇಬರೇ ಕರೆಸಿದರು. ತಾವೇ ಕೊಡ ತುಂಬಿ ಏಳು ಗಿಡಗಳಿಗೆ ನೀರು ಹಾಕಿದರು. ಆಮೇಲೆ ಸತ್ತ ಐದಕ್ಕೂ ಹಾಕಿದರು.

ಹುಸೇನಪ್ಪ ಬೇಡ ಅನ್ನಲಿಲ್ಲ.