ಕಪ್ಪು ಪರದೆಯ ಹಿಂದಿನ ಗಂಟೆ

"ಗುರುಗಳೇ, ಮಗಳನ್ನು ಹಾಸ್ಟೆಲಿಗೆ ಬಿಟ್ಟುಬಿಡಲೇ?" ಎಂದು ಪಂಚಾಕ್ಷರಿ ಕೇಳಿದ.

ಮಧ್ಯಾಹ್ನದ ಹೊತ್ತು. ಬುತ್ತಿಯ ಡಬ್ಬಿಯನ್ನು ಬಿಚ್ಚದೆ ಮಡಿಲಲ್ಲೇ ಇಟ್ಟುಕೊಂಡಿದ್ದ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅಪ್ಪ, ಮಗಳು ಇಬ್ಬರೇ. ಅಂದಿನಿಂದ ಮಗಳು ಮಾತು ಬಿಟ್ಟಿದ್ದಳು. ಹೊಸ ಬಟ್ಟೆ ತಂದ, ಫೋನು ತಂದ, ಊರೂರು ಸುತ್ತಿಸಿದ, ಬುದ್ಧಿ ಹೇಳಿದ. ಹುಡುಗಿ ತುಟಿಪಿಟಿಕ್ ಎನ್ನಲಿಲ್ಲ.

"ನನ್ನ ಪಾಲಿಗೆ ಅವಳೂ ಹೋದ ಹಾಗೆಯೇ" ಎಂದ.

ಗುರುಗಳು ಹಾಸ್ಟೆಲಿನ ಮಾತೆತ್ತಲಿಲ್ಲ. ಕತೆ ಹೇಳಿದರು.

ಒಬ್ಬ ಚಿತ್ರಗಾರ. ನೇಕಾರರಿಗೆ ಸೀರೆಯ ಅಂಚು ಬರೆದುಕೊಡುವುದು ಅವನ ಕಸುಬು. ತೀರಿಹೋದ ತಾಯಿ ರಂಗೋಲಿಯಲ್ಲಿ ಎಳೆಯುತ್ತಿದ್ದ ಬಳ್ಳಿಗಳನ್ನೆಲ್ಲ ನೆನಪು ಮಾಡಿಕೊಂಡು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದ. ಬೇರೆಲ್ಲೂ ಪ್ರತಿ ಇರಲಿಲ್ಲ. ಅದು ವಿಂಡೋಸ್ ಬದಲು ಲಿನಕ್ಸ್ ಹಾಕಿದ ಕಂಪ್ಯೂಟರು. ಚಿತ್ರ ಇನ್ನೂ ಚೆಂದ ಕಾಣಲಿ ಎಂದು ಒಂದು ದಿನ ಪರದೆಗೆ ಚಿತ್ರ ಕಳಿಸುವ ಅದರ ಗ್ರಾಫಿಕ್ಸ್ ಕಾರ್ಡಿಗೆ ಹೊಸ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಹಾಕಿದ. ಪರದೆ ಕಪ್ಪಾಯಿತು.

ಮಹಾರಾಯ ಸುಮ್ಮನಿದ್ದಾನೆಯೇ? ಕೆಟ್ಟದ್ದನ್ನು ಸರಿಪಡಿಸಲೆಂದೇ ಇರುವ, ಬರೀ ಅಕ್ಷರ ಮೂಡುವ ರಿಕವರಿ ಮೋಡ್‌ಗೆ ಹೋಗಿ, ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿದರೆಂದು ಇನ್ನೊಂದು ಡ್ರೈವರ್ ಹಾಕಿದ. ಬೇರೆ ಯಾರೋ ಹೇಳಿದರೆಂದು ಮತ್ತೊಂದು. ಮೊದಲು ಹಾಕಿದ್ದನ್ನು ತೆಗೆಯಬೇಕೆಂದು ತೋಚಲಿಲ್ಲ, ಒಂದರ ಮೇಲೊಂದು ಹೇರುತ್ತಲೇ ಹೋದ. ಮಾಮೂಲಿನಂತೆ ಚಾಲೂ ಮಾಡಿದಾಗಲೆಲ್ಲ ಪರದೆ ಮಾತ್ರ ಕಪ್ಪಗೇ ಇತ್ತು.

"ಇದು ಸತ್ತೇ ಹೋಯಿತು. ಎಲ್ಲ ಅಳಿಸಿ ಹೊಸದಾಗಿ ಹಾಕುತ್ತೇನೆ" ಎಂದು ಕೊನೆಗೆ ಹೊಸ ಲಿನಕ್ಸ್ ತುಂಬಿದ್ದ ಪೆನ್‌ಡ್ರೈವ್ ಕೈಗೆತ್ತಿಕೊಂಡ. ಅಳಿಸಿದರೆ ಅಮ್ಮನ ಬಳ್ಳಿಗಳೂ ಹೋಗುತ್ತವೆ. ಪಾಪ, ಅವನ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಆ ಕಪ್ಪು ಪರದೆಯ ಹಿಂದಿನಿಂದ ಟಣ್ ಎಂದು ಗಂಟೆ ಹೊಡೆಯಿತು. ಕೆಲಸದಲ್ಲಿ ಮೈಮರೆಯುವ ಗಂಡನಿಗೆ ಊಟದ ಹೊತ್ತು ತಿಳಿಯಲೆಂದು ಹೆಂಡತಿ ಆ ಕಂಪ್ಯೂಟರಿನಲ್ಲೇ ಇರಿಸಿದ್ದ ಗಂಟೆ ಅದು.

ಅಡುಗೆಮನೆಯಿಂದ ಅವಳು ಕೂಗಿದಳು. "ಅಯ್ಯೋ, ಊಟದ ಗಂಟೆ ಹೊಡೀತಲ್ರೀ! ಸತ್ತದ್ದು ಎಲ್ಲಾದ್ರೂ ಊಟಕ್ಕೆ ಕರೆಯುತ್ತಾ?"

ಚಿತ್ರಗಾರ ಪೆನ್‌ಡ್ರೈವ್ ಕೆಳಗಿಟ್ಟ. ಒಳಗೆಲ್ಲ ನೆಟ್ಟಗಿದೆ, ಅದಕ್ಕೆ ಮುಖ ತೋರಿಸಲು ಆಗುತ್ತಿಲ್ಲ ಅಷ್ಟೆ ಎಂದು ಆಗ ಹೊಳೆಯಿತು. ಮತ್ತೆ ರಿಕವರಿ ಮೋಡ್‌ಗೆ ಹೋದ. ಈ ಸಲ ಏನನ್ನೂ ಹಾಕಲಿಲ್ಲ. ನಿನಗೇನಾಗಿದೆ ಎಂದು ಕಂಪ್ಯೂಟರನ್ನೇ ಕೇಳಿದ, ಅದು ಬರೆದಿಟ್ಟಿದ್ದ ತಪ್ಪುಗಳ ಪಟ್ಟಿ ತೆರೆದ. ಒಂದೇ ಕಾರ್ಡಿಗಾಗಿ ಡ್ರೈವರ್‌ಗಳು ಜಗ್ಗಾಡುತ್ತಿವೆ ಎಂದು ಅದು ಮೊದಲಿನಿಂದ ಹೇಳುತ್ತಲೇ ಇತ್ತು. ಇವನು ಓದಿರಲಿಲ್ಲ. ತಾನು ಹೇರಿದ್ದನ್ನೆಲ್ಲ ಒಂದೊಂದಾಗಿ ತೆಗೆದ. ಮೊದಲಿದ್ದ ಸಾದಾ ಡ್ರೈವರ್ ಮಾತ್ರ ಉಳಿಯಿತು. ಪರದೆ ಬೆಳಗಿತು. ಚಿತ್ರ ಮೂಡಲು ಕೊಂಚ ತಡವಾಯಿತು ನಿಜ. ಆದರೆ ಅಮ್ಮನ ಬಳ್ಳಿಯ ಒಂದೆಲೆಯೂ ಮುಕ್ಕಾಗಿರಲಿಲ್ಲ.

ಕತೆ ಮುಗಿಯಿತು. ಪಂಚಾಕ್ಷರಿ ನಿಟ್ಟುಸಿರು ಬಿಟ್ಟ. "ಅವನಿಗೇನು ಗುರುಗಳೇ, ಗಂಟೆಯಾದರೂ ಕೇಳಿಸಿತು. ನನ್ನ ಮನೆಯಲ್ಲಿ ಅದೂ ಇಲ್ಲ."

ಗುರುಗಳು ಅವನ ಮಡಿಲ ಕಡೆ ನೋಡಿ ಮೆಲ್ಲಗೆ ಕೇಳಿದರು. "ಅಲ್ಲಪ್ಪಾ, ಆ ಬುತ್ತಿ ಕಟ್ಟಿಕೊಟ್ಟವರು ಯಾರು?"

ಮಗಳು ಕಟ್ಟಿಕೊಟ್ಟಿದ್ದ ಆ ಬುತ್ತಿಯನ್ನು ಪಂಚಾಕ್ಷರಿ ಬಿಚ್ಚಿದ.