ತಿಂಗಳು ಮುಂಚೆ ಬಂದ ಬೀಗರು

ಬೀಗರು ಬಂದರೆ ಸಂತೋಷ. ಹೇಳಿದ್ದಕ್ಕಿಂತ ಒಂದು ತಿಂಗಳು ಮುಂಚೆ ಬಂದರೆ? ತೊರೆಗಿರಿಯ ಅರಮನೆಯಲ್ಲಿ ಅವತ್ತು ಆದದ್ದು ಅದೇ. ಚಪ್ಪರ ಎದ್ದಿಲ್ಲ, ಒಲೆ ಹಚ್ಚಿಲ್ಲ, ಮದುಮಗಳು ತಲೆಗೆ ಎಣ್ಣೆ ಹಚ್ಚಿಸಿಕೊಂಡು ಕೂತಿದ್ದಾಳೆ. ಹೆಬ್ಬಾಗಿಲಲ್ಲಿ ಆನೆ, ಕುದುರೆ, ಇನ್ನೂರು ಜನ.

ಉತ್ತರ ದೇಶದಿಂದ ಗಂಡಿನ ಕಡೆಯವರನ್ನು ಕರೆತಂದ ಮಂತ್ರಿ ಉಮ್ರಾವಸಿಂಗ ಸಭೆಯ ನಡುವೆ ನಿಂತು ಮೀಸೆ ತಿರುವಿದ.

“ಜ್ಯೇಷ್ಠ ಕೃಷ್ಣ ಪಂಚಮಿಗೆ ಬರುತ್ತೇವೆಂದು ಓಲೆ ಬರೆದಿದ್ದೆವು. ಇವತ್ತೇ ಆ ದಿನ. ಒಂದು ಆರತಿಗೂ ಗತಿಯಿಲ್ಲವೇ ನಿಮ್ಮಲ್ಲಿ?”

ಓಲೆ ಓದಿದ್ದ ಅಪ್ಪಾಜೋಯಿಸರು ಪಂಚಾಂಗ ಹಿಡಿದು ಮುಂದೆ ಬಂದರು. “ಸ್ವಾಮಿ, ನಮ್ಮ ಲೆಕ್ಕಕ್ಕೆ ಇದು ವೈಶಾಖದ ಪಂಚಮಿ. ಜ್ಯೇಷ್ಠದ್ದು ಬರಲು ಇನ್ನೊಂದು ತಿಂಗಳಿದೆ. ನಿಮ್ಮಲ್ಲಿ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಹುಣ್ಣಿಮೆ ಕಳೆದ ಈ ಹದಿನೈದು ದಿನಕ್ಕೆ ನೀವು ಮುಂದಿನ ತಿಂಗಳ ಹೆಸರು ಹೇಳುತ್ತೀರಿ, ನಾವು ಹಳೆಯದನ್ನೇ ಹೇಳುತ್ತೇವೆ. ಓದುವಾಗ ನನಗದು ಹೊಳೆಯಲಿಲ್ಲ.”

“ಒಂದು ದಿನಕ್ಕೆ ಒಂದೇ ತಿಂಗಳು. ಬೇರೆ ಹೆಸರು ಹೇಳುವವನು ಸುಳ್ಳುಗಾರ. ಅವನ ತಲೆ ಬೋಳಿಸಿ, ಕತ್ತೆ ಮೇಲೆ ಕೂರಿಸಿ ಊರು ಸುತ್ತಿಸಿ. ಇಲ್ಲವಾದರೆ ನಾವು ಬಂದ ದಾರಿಯಲ್ಲೇ ಹೊರಟೆವು, ಸಂಬಂಧ ಮುರಿಯಿತು.”

ಅರಸ ಸೋಮಭೂಪನಿಗೆ ಅತ್ತ ದರಿ, ಇತ್ತ ಪುಲಿ. ಮಗಳ ಮದುವೆಯೋ, ಅಪ್ಪನ ಕಾಲದಿಂದ ಅರಮನೆಯಲ್ಲಿರುವ ಜೋಯಿಸರ ಮಾನವೋ? ಕೊನೆಗೆ ತಲೆ ತಗ್ಗಿಸಿ, “ಕ್ಷೌರಿಕನನ್ನು ಕರೆಸಿ” ಅಂದ.

ಜೋಯಿಸರ ಕೈ ತಾನಾಗಿ ಜುಟ್ಟಿಗೆ ಹೋಯಿತು. ಎಪ್ಪತ್ತು ವರ್ಷ ಮರ್ಯಾದೆಯಿಂದ ಬಾಳಿ ಈಗ ಕತ್ತೆ ಸವಾರಿಯೇ ಎಂದು ಅಳುವೇ ಬಂತು.

ಅರಸನಿಗೆ ಎಲೆಯಡಿಕೆ ಮಡಿಸಿಕೊಡುವ ಸಂಗಯ್ಯ ಎಲೆಗೆ ಸುಣ್ಣ ಸವರುತ್ತಲೇ ಬಾಯಿ ಹಾಕಿದ. “ನ್ಯಾಯವಾದ ಮಾತು ಬುದ್ಧಿ. ಸುಳ್ಳುಗಾರರನ್ನು ಬಿಡಲೇಬಾರದು.”

ಜೋಯಿಸರು ಅವನನ್ನು ದುರುಗುಟ್ಟಿ ನೋಡಿದರು. ಈ ಮಹಾರಾಯನಿಗೆ ದಿನಾ ಪುಕ್ಕಟೆ ರಾಹುಕಾಲ ಹೇಳಿದ್ದಕ್ಕೆ ಒಳ್ಳೇ ಪ್ರತಿಫಲ ಅಂದುಕೊಂಡರು.

“ಒಂದು ಸಣ್ಣ ಅನುಮಾನ ಮಂತ್ರಿಗಳೇ,” ಸಂಗಯ್ಯ ಮುಂದುವರಿಸಿದ. “ನಿಮ್ಮಲ್ಲಿ ಕೃಷ್ಣ ಪರಮಾತ್ಮ ಹುಟ್ಟಿದ್ದು ಯಾವ ತಿಂಗಳು?”

“ಅದೂ ಗೊತ್ತಿಲ್ಲವೇ? ಭಾದ್ರಪದದ ಅಷ್ಟಮಿ.”

“ನಮ್ಮಲ್ಲಿ ಶ್ರಾವಣ. ಅಂದರೆ ನಾವು ಉಪವಾಸ ಮಾಡಿ ತಿಂಗಳಾದ ಮೇಲೆ ನೀವು ಮಾಡುತ್ತೀರಿ ಅನ್ನಿ.”

“ಛೇ, ಎಲ್ಲಾದರೂ ಉಂಟೇ? ನಿಮ್ಮ ಕಡೆಯ ಯಾತ್ರಿಕರು ನಮ್ಮ ಗುಡಿಯಲ್ಲಿ ನಮ್ಮ ಜೊತೆಗೇ ಉಪವಾಸ ಕೂರುತ್ತಾರೆ. ದಿನ ಒಂದೇ.”

ಹೇಳಿದ ಮೇಲೆ ಮಂತ್ರಿಗೆ ಎಲ್ಲೋ ಎಡವಿದೆ ಅನ್ನಿಸಿತು. ಅಷ್ಟರಲ್ಲಿ ಕ್ಷೌರಿಕನೂ ಕತ್ತಿ ಮಸೆಯುತ್ತ ಬಂದ.

“ದೇವಕಿಯಮ್ಮ ಹೆತ್ತದ್ದು ಒಂದೇ ಸಲ,” ಸಂಗಯ್ಯ ಅಂದ. “ಊರಿಗೊಂದು ಹುಟ್ಟಿದ ತಿಂಗಳು ಹೇಳಿಕೊಂಡು ತಿರುಗುವ ಆ ಬೆಣ್ಣೆಕಳ್ಳನೇ ದೊಡ್ಡ ಸುಳ್ಳುಗಾರ ಹಾಗಾದರೆ. ಮೊದಲು ಅವನ ತಲೆ, ಆಮೇಲೆ ಜೋಯಿಸರದು. ಕ್ಷೌರಿಕ ತಯಾರಿದ್ದಾನೆ. ನವಿಲುಗರಿಯನ್ನು ಮಾತ್ರ ತಾವೇ ತೆಗೆದುಕೊಡಬೇಕು.”

ಎಲ್ಲರೂ ಮಂತ್ರಿಯ ಮುಖ ನೋಡಿದರು. ಮೊದಲು ನಕ್ಕವನು ಉಮ್ರಾವಸಿಂಗನೇ. ಅರಸನಿಗಂತೂ ನಕ್ಕು ನಕ್ಕು ಬಾಯಲ್ಲಿದ್ದ ಎಲೆಯಡಿಕೆ ನೆತ್ತಿಗೇರಿತು. ಕೆಮ್ಮುತ್ತಲೇ ಕೊರಳ ಹಾರ ತೆಗೆದು ಸಂಗಯ್ಯನಿಗೆ ಹಾಕಿದ.

“ಸಾಕು ಮಾರಾಯ,” ಮಂತ್ರಿ ಕಣ್ಣೊರೆಸಿಕೊಂಡ. “ಊಟಕ್ಕೆ ಎಲೆ ಹಾಕಿಸು. ಹಸಿದ ಹೊಟ್ಟೆಗೆ ವೈಶಾಖವಾದರೇನು, ಜ್ಯೇಷ್ಠವಾದರೇನು.”